ಒಬ್ಬಳೇ ಅಳಬಾರದು

ಕಿರಿಯ ನರ್ಸ್ ಲಿಫ್ಟಿನ ಗುಂಡಿಯನ್ನು ಐದನೇ ಸಲ ಒತ್ತಿದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಕ್ಕದ ಬೆಂಚಿನಲ್ಲಿ ಕೂತಿದ್ದ ಬಸ್ ಚಾಲಕ, ಪತ್ರಿಕೆ ಓದುವವನಂತೆ ನಟಿಸುತ್ತಾ ಕಿವಿಗೊಟ್ಟ.

“ಸ್ಟೋರಲ್ಲಿ ಅರ್ಧ ಗಂಟೆ ಹೊದಿಕೆ ಎಣಿಸಿದ್ಯಂತೆ? ಇರೋದೇ ಹತ್ತು!” ಜೊತೆಗೆ ನಿಂತಿದ್ದ ಹಿರಿಯ ನರ್ಸ್ ಕೆಣಕಿದರು.

“ಅಳ್ತಿದ್ದೆ ಅಂತ ಗೊತ್ತಲ್ಲ, ಬಿಡಿ ಅಕ್ಕ.”

“ಮಗು ತೀರಿಹೋದ ದಿನ ಯಾರೂ ಒಬ್ಬರೇ ಅಳಬಾರದು, ಜೊತೆಗೊಬ್ಬರನ್ನ ಕರೀಬೇಕು. ನಮ್ಮ ಮಕ್ಕಳ ವಾರ್ಡಿನ ಕಾನೂನು.”

“ನಿಮ್ಮನ್ನ ಕರೆದ್ರೆ ನನಗಿಂತ ಜೋರಾಗಿ ಅಳ್ತೀರಿ. ಆಮೇಲೆ ನಿಮ್ಮನ್ನ ಸಮಾಧಾನ ಮಾಡೋಕೆ ಮೂರನೆಯವಳು ಬೇಕು.”

“ಏನ್ಮಾಡೋದಮ್ಮ, ನನ್ನ ಗಂಟಲೇ ಹಾಗೆ. ಸರಿ, ಬೇರೆ ವಾರ್ಡಿಗೆ ಹೋಗ್ತೀನಿ ಅಂತ ಅರ್ಜಿ ಬರೆದಿದ್ದೀಯಲ್ಲ, ಇತ್ತ ಕೊಡು. ಮೇಲ್ವಿಚಾರಕಿಗೆ ನಾನೇ ತಲುಪಿಸ್ತೀನಿ.”

ಲಿಫ್ಟಿನ ಬಾಗಿಲು ತೆರೆಯಿತು. ಕಿರಿಯವಳು ಕಾಗದವನ್ನು ಜೇಬಿನ ಆಳಕ್ಕೆ ತುರುಕಿ ಒಳಗೆ ಹೆಜ್ಜೆಯಿಟ್ಟಳು.

“ಯಾರಿಗೂ ಕೊಡಲ್ಲ.”