ನಲ್ಲಿ ತೊಳೆದವನು

ಹೊನ್ನಾವರದ ಧಕ್ಕೆಯಲ್ಲಿ ವರದಾ, ಆಚೆ ದಡದಿಂದ ಲಾಂಚಿನಲ್ಲಿ ಬರಲಿದ್ದ ಅಕ್ಕನಿಗಾಗಿ ಕಾಯುತ್ತ ಕೊಡೆಯ ಮರೆಯಲ್ಲಿ ಮುದುಡಿ ಕೂತಿದ್ದಳು. ಪಕ್ಕದಲ್ಲಿದ್ದ ಇಬ್ಬರಿಗೆ ಅವಳ ಪರಿವೆಯೇ ಇರಲಿಲ್ಲ. ಒಬ್ಬ, ಎರಡನೇ ಮಹಾಯುದ್ಧ ಮುಗಿದು ಹದಿಮೂರು ವರ್ಷದ ಮೇಲೆ ಊರಿಗೆ ಬಂದ ಸಿಪಾಯಿ ಹೊನ್ನಪ್ಪ. ಇನ್ನೊಬ್ಬ ಗಣಪು; ಹೊನ್ನಪ್ಪನ ಜೊತೆ ಯುದ್ಧಕ್ಕೆ ಹೋದ ಇವನ ಅಣ್ಣ ಈಜಿಪ್ತಿನಿಂದ ಮರಳಿರಲಿಲ್ಲ.

“ಹೊನ್ನಪ್ಪಣ್ಣ, ಅಣ್ಣನ್ನ ಕೊಂದ ಜರ್ಮನಿಯವ ಹ್ಯಾಂಗಿದ್ದ ಅಂತ ಅವ್ವಿ ಕೇಳ್ದೆ ಬಿಡೂದಿಲ್ಲ.”

“ಜರ್ಮನಿಯವ ಎಲ್ಲಿಂದ ಬಂದ ಮಾರಾಯ? ಕೊಂದದ್ದು ನಮ್ಮ ಕಡೆಯ ಇಂಗ್ಲೀಷು ಗೋರಾನೇ. ಒಂದೇ ಕ್ಯಾಂಪು, ಒಂದೇ ನಲ್ಲಿ.”

“ಎಂತಕ್ಕೆ?”

“ಆ ಹೇಸಿ, ನಲ್ಲಿಗೆ ಬಾಯಿ ಹಚ್ಚಿ ಕುಡ್ದ. ನಿನ್ನಣ್ಣ ಅವನೆದುರಿಗೇ ಮಣ್ಣು ಹಚ್ಚಿ ನಲ್ಲಿ ತಿಕ್ಕಿ ತೊಳ್ದ.”

“ಮತ್ತೆ? ಎಂಜಲಲ್ದಾ?”

“ಅದು ಅವಂಗೆ ಗೊತ್ತಾ? ಕರಿಯ ನನ್ನ ಬಾಯಿ ಹೊಲಸು ಅಂದ ಅಂತ ಬೆಲ್ಟು ಬಿಚ್ಚಿದ. ಅವರು ಹತ್ತು ಜನ, ನಾವು ಹತ್ತು ಜನ, ನಾಯಿಗಳ ಹಾಂಗೆ ಬಿದ್ದು ಹೊರಳಾಡಿದ್ವು. ನಾನೂ ಒಬ್ಬನ ಕಿವಿ ಕಚ್ಚಿದೆ, ಥೂ! ಬೆಲ್ಟಿನ ಹಿತ್ತಾಳೆ ಬಕ್ಕಲು ತಲೆಗೆ ಬಡ್ದು ನಿನ್ನಣ್ಣ ಅಲ್ಲೇ ಹೋದ.”

“ಅವ್ವಿಗೆ ಎಂತ ಹೇಳೂದು ಮತ್ತೆ?”

“ಮತ್ತೊಬ್ಬರು ಬಾಯಿ ಹಚ್ಚಿದ್ದನ್ನ ತೊಳೀದೆ ಮುಟ್ಬೇಡ ಅಂತ ಅವಂಗೆ ಕಲಿಸಿದ್ದು ಅವಳೇ. ಅವಳಿಗೆ ಕೊಂದವ ಜರ್ಮನಿಯವನೇ ಆಗಿರ್ಲಿ ಬಿಡು.”

ಹೊನ್ನಪ್ಪ ತನ್ನ ತಂಬಿಗೆಯನ್ನು ಬಾಯಿಗೆ ಹಚ್ಚಿ ಕುಡಿದು ಗಣಪುವಿನ ಕೈಗಿತ್ತ. ಗಣಪು ಎಂದಿನ ಅಭ್ಯಾಸದಂತೆ ಅದನ್ನು ತೊಳೆಯಲು ಹೊಳೆಗೆ ಬಗ್ಗಿದವನು ಹಾಗೇ ನಿಂತುಬಿಟ್ಟ. ಅಷ್ಟರಲ್ಲಿ ಲಾಂಚು ಬಂತು. ತೊಳೆಯಲೂ ಆಗದೆ, ಕುಡಿಯಲೂ ಆಗದೆ, ತಂಬಿಗೆಯನ್ನು ಮೈಯಿಂದ ದೂರ ಹಿಡಿದುಕೊಂಡೇ ಅವನು ಲಾಂಚು ಹತ್ತಿದ.