ಸೂಗಮ್ಮನ ಗಂಜಿ, ಲಾಲಮ್ಮನ ಸ್ಲೈಡು

ಅಧ್ಯಕ್ಷರಾದ ಡಾಕ್ಟರ್ ಅಮೃತಪ್ಪನವರೇ, ಸೇಡಂ, ಚಿತ್ತಾಪುರದಿಂದ ಎರಡೆರಡು ಬಸ್ಸು ಬದಲಿಸಿ ಬಂದ ನೌಕರ ಬಂಧುಗಳೇ, ಚಿಂಚೋಳಿಯ ಸಮಸ್ತ ಸಭಿಕರೇ,

ಈ ಅಬ್ದುಲ್ ಮಜೀದ ಮೂವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಜನರ ರಕ್ತದಲ್ಲಿ ಮಲೇರಿಯಾ ಹುಡುಕಿ ಇವತ್ತು ನಿವೃತ್ತನಾಗುತ್ತಿದ್ದಾನೆ. "ಒಂದು ಕಣ್ಣು ಸರಕಾರಕ್ಕ ಕೊಟ್ಟೀರಿ, ಇನ್ನೊಂದರಿಂದಾದ್ರೂ ಮನಿ ಕಡಿ ನೋಡ್ರಿ" ಎಂದು ನನ್ನ ಬೇಗಂ ಬೈಯುತ್ತಿದ್ದಳು. ನಗ್ರಿ, ನಗ್ರಿ. ಆದರೆ ಈಗ ಮಾತಾಡಿದವರೆಲ್ಲ ಮಜೀದನ ಕಣ್ಣು ಎಂದೂ ತಪ್ಪಲಿಲ್ಲ ಎಂದಿರಿ. ಆ ಮಾತು ನನಗೆ ಜೀರ್ಣವಾಗಲಿಲ್ಲ.

ಈ ರೋಗದ ಜೀವಿ ಎಲ್ಲಿರುತ್ತದೆ? ನಮ್ಮ ರಕ್ತದ ಕೆಂಪು ಕಣದ ಒಳಗೆ. ಅಲ್ಲೇ ಕೂತು ನಮ್ಮ ರಕ್ತದ ಸಕ್ಕರೆ ತಿಂದು, ಆ ಕಣವನ್ನೇ ಉಂಡು, ಒಂದು ಇದ್ದದ್ದು ಹತ್ತಿಪ್ಪತ್ತಾಗುತ್ತದೆ. ಅದು ಕೂತ ಮೈಯ ಮನೆಯವ ಉಪವಾಸ ಬಿದ್ದರೆ ಅದು ಸಾಯುತ್ತದೆಯೇ? ಇಲ್ಲ ಸಭಿಕರೇ. ಅದೂ ಹೊಟ್ಟೆ ಕಟ್ಟಿಕೊಂಡು, ಸಂತಾನ ಕಡಿಮೆ ಮಾಡಿ ಸುಮ್ಮನೆ ಕೂಡುತ್ತದೆ. ಮನೆಯವ ಉಂಡ ದಿನ ಅದೂ ಉಣ್ಣುತ್ತದೆ. ಇದನ್ನು ನನಗೆ ಹೈದರಾಬಾದಿನ ತರಬೇತಿಯಲ್ಲಿ ಕಲಿಸಿದರು, ಎಪ್ಪತ್ತೊಂಬತ್ತರಲ್ಲಿ. ಆರು ವರ್ಷ ತಡವಾಗಿತ್ತು.

ಎಪ್ಪತ್ಮೂರರ ಬರಗಾಲ. ಚಂದ್ರಂಪಳ್ಳಿ ಕಡೆ ಮಣ್ಣಿನ ಕೆಲಸಕ್ಕೆ ಬಂದವರ ಪಕ್ಕೆಲುಬು ಎಣಿಸಬಹುದಿತ್ತು. ಅವರಿಗೆ ಗಂಜಿ ಕಾಯಿಸಲು ಬಂದವಳು ಸೇಡಂ ಕಡೆಯ ಮುಧೋಳದ ಸೂಗಮ್ಮ. ಗಂಜಿ ಶುರುವಾಗುವ ಮೊದಲು ಎಲ್ಲರ ರಕ್ತ ನೋಡುವುದು ನನ್ನ ಕೆಲಸ. ರಕ್ತ ಸವರಿದ ಒಂದು ಗಾಜಿನ ಸ್ಲೈಡನ್ನು ಸರಿಸಿ ಸರಿಸಿ ನೂರು ಕಡೆ ನೋಡಬೇಕು, ಅದು ಕಾಯದೆ. ಸ್ಲೈಡು ರಾಶಿ ಬಿದ್ದಿದ್ದವು. ನಾನು ಮೂವತ್ತು ಕಡೆ ನೋಡಿ "ಇಲ್ಲ" ಎಂದು ಬರೆದೆ. ಲಾಲಮ್ಮ ಎಂಬ ಕೂಲಿಯವಳಿಗೆ, "ನಿಂಗೇನೂ ಆಗಿಲ್ಲವ್ವ, ಬರೇ ಹಸಿವಿ. ಹೊಟ್ಟಿ ತುಂಬ ಉಣ್ಣು" ಎಂದೆ.

ಉಂಡಳು. ಎಂಟನೆಯ ದಿನಕ್ಕೆ ಚಳಿಜ್ವರ. ಹತ್ತು ಹನ್ನೆರಡು ಮಂದಿಗೆ ಬಂತು, ಲಾಲಮ್ಮ ಉಳಿಯಲಿಲ್ಲ. "ಸೂಗಮ್ಮನ ಗಂಜೀನೇ ಕೊಂದದ" ಎಂದು ಜನ ಹಂಡೆ ಉರುಳಿಸಿ ಆಕೆಯನ್ನು ಓಡಿಸಿದರು. ಆ ಮಧ್ಯಾಹ್ನ ನಾನು ಲಾಲಮ್ಮನ ಹಳೆಯ ಸ್ಲೈಡನ್ನು ಮತ್ತೆ ಇಟ್ಟು ನೋಡಿದೆ. ಅರವತ್ಮೂರನೆಯ ಕಡೆ ಕೆಂಪು ಕಣದೊಳಗೆ ಸಣ್ಣ ಉಂಗುರದಂತೆ ಆ ರೋಗದ ಜೀವಿ ಕೂತಿತ್ತು. ಒಂದೇ ಒಂದು. ಮೊದಲು ಮಲೇರಿಯಾ ಗುಳಿಗೆ ಕೊಟ್ಟು ಆಮೇಲೆ ಗಂಜಿ ಕೊಟ್ಟಿದ್ದರೆ? ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನೌಕರಿ ಹೋದೀತೆಂದು ಅಂಜಿ ಸ್ಲೈಡನ್ನು ಪೆಟ್ಟಿಗೆಗೆ ಹಾಕಿದೆ. ಅನ್ನ ನೀಡಿದ ಕೈಗೆ ಕೊಲೆಗಾರ್ತಿ ಎಂದರು, ನಾನು ಕೇಳುತ್ತ ನಿಂತೆ.

ಹದಿಮೂರು ವರ್ಷ ಆಕೆಗೆ ಯಾವ ಮದುವೆ ಮನೆಯಲ್ಲೂ ಸೌಟು ಮುಟ್ಟಗೊಡಲಿಲ್ಲ. ಹೋದ ವಾರ ಮುಧೋಳಕ್ಕೆ ಹೋಗಿ ಎಲ್ಲ ಹೇಳಿದೆ. "ನನಗ್ಯಾಕ ಹೇಳ್ಲಿಕತ್ತೀರಿ ಸಾಹೇಬ್ರ? ನಾ ಕೊಂದಿಲ್ಲಂತ ನನಗ ಮೊದಲೇ ಗೊತ್ತದ. ಮಂದಿಗಿ ಹೇಳ್ರಿ" ಎಂದಳು.

ಹೇಳಿದೆ, ಸಭಿಕರೇ. ಹಿತ್ತಲಲ್ಲಿ ನಿಮಗಾಗಿ ಜೋಳದ ರೊಟ್ಟಿ, ಪುಂಡಿಪಲ್ಯ ಕಾದಿವೆ. ಮಾಡಿದವಳು ಸೂಗಮ್ಮ. "ಮೊದಲ ನೀವು ಹೇಳ್ರಿ, ಆಮ್ಯಾಲ ಮುಚ್ಚಳ ತೆಗೀತೀನಿ" ಎಂದು ಪಾತ್ರೆ ಮುಚ್ಚಿಕೊಂಡು ಕೂತಿದ್ದಾಳೆ. ಶಾಲು, ಹಾರ ಹಾಕಿದಿರಿ, ನಿಮ್ಮ ಉಪಕಾರ ದೊಡ್ಡದು. ಈಗ ತಾಟು ಹಿಡಿದು ನಾನು ಮುಂದೆ ಹೋಗುತ್ತೇನೆ. ಹಿಂದೆ ಬರುವವರಿಗೂ, ಬರದೆ ಹೋಗುವವರಿಗೂ ನನ್ನ ನಮಸ್ಕಾರ.