ಎಂಜಿನಿನ ಹಸುರು

ಅಲ್ಲ ಮಾರಾಯ, ಹಸುರಿನಲ್ಲಿ ಮೋಸ ಇಲ್ಲ, ಬೇಕಾದರೆ ಆಣೆ ಹಾಕ್ತೇನೆ! ಇಪ್ಪತ್ತೆಂಟು ವರ್ಷ ಆಯಿತು ಭುಜಬಲಿ, ಈ ಪುಂಜಾಲಕಟ್ಟೆಯಲ್ಲಿ ನಾನು ಗಾಡಿಗಳಿಗೆ ಪೈಂಟ್ ಹೊಡೆಯಲಿಕ್ಕೆ ಸುರು ಮಾಡಿ. ಬಸ್ಸು, ಲಾರಿ, ಒಮ್ಮೆ ಹೆಣ ಸಾಗಿಸುವ ವ್ಯಾನು ಕೂಡ... ಲೋಕನಾಥನ ಬಣ್ಣ ತಪ್ಪಿದೆ ಅಂತ ಒಬ್ಬ ವಾಪಸು ಬಂದದ್ದಿಲ್ಲ. ವ್ಯಾನಿನಲ್ಲಿ ಹೋದವರಂತೂ ತುಟಿಯೇ ಬಿಚ್ಚಲಿಲ್ಲ! ...ನಗು ಬರುವುದಿಲ್ಲವಾ? ಸರಿ, ಬಿಡು.

ಕೂತುಕೋ. ಅಂಗಳದಲ್ಲಿ ನಿಂತೇ ಇದ್ದೀಯಲ್ಲ.

ನೋಡು, ಆ ಪುಟ್ಟ ಜೀಪು ನಿನ್ನದು. ಗೇಣುದ್ದದ್ದು, ತಗಡು ಕತ್ತರಿಸಿ ಎಂಟು ತಿಂಗಳು ಕೂತು ಮಾಡಿದ್ದು. ನಿನ್ನ ಅಪ್ಪ ಪದ್ಮಯ್ಯ ಮಾಮ ಬೆಳ್ತಂಗಡಿಗೆ ಸರ್ವಿಸ್ ಓಡಿಸುತ್ತಿದ್ದ ಜೀಪಿನದ್ದೇ ಪಡಿಯಚ್ಚು. ಬಾನೆಟ್ಟು ಎತ್ತಿದರೆ ಹೆಬ್ಬೆರಳಿನಷ್ಟು ಎಂಜಿನು. ಅದಕ್ಕೆ ಬಣ್ಣ ಮಾತ್ರ ನನ್ನದು. ಮಾಮ ಎಂಜಿನಿಗೆ ಕೈಯಾರೆ ಬೆರೆಸಿ ಬಳಿದ ಹಸುರು ಯಾವ ಡಬ್ಬಿಯಲ್ಲೂ ಸಿಕ್ಕುವುದಿಲ್ಲ ಅಂತ ನೀನು, ಜೀಪನ್ನು ಗುಜರಿಗೆ ಹಾಕುವ ಮೊದಲು ಕೆರೆದಿಟ್ಟ ಒಂದು ಚಕ್ಕೆ ತಂದುಕೊಟ್ಟೆ. ಬೆಂಕಿಪೆಟ್ಟಿಗೆಯಲ್ಲಿ. ಆ ಚಕ್ಕೆ ನೋಡಿಯೇ ಬೆರೆಸಿದ್ದು! ನೀನೇ ಅದನ್ನು ಎಂಜಿನಿನ ಬದಿಗೆ ಹಿಡಿದು "ಇದೇ, ಅಪ್ಪನದ್ದೇ" ಅಂದೆಯಲ್ಲ? ಕಣ್ಣಲ್ಲಿ ನೀರು ಬಂದಿತ್ತು ನಿನಗೆ.

ಮತ್ತೆ ಮಾಮ ಬಾನೆಟ್ಟು ಎತ್ತಿ "ಇದು ನನ್ನ ಜೀಪಲ್ಲ" ಅಂದರೆ... ಎಂಬತ್ತಾರು ಪ್ರಾಯ. ಮರೆವು. ನಾನೆಂತ ಮಾಡುವುದು?

ನಿನ್ನ ತಂಗಿ ಸಾಧನಾ ಹೇಳಿದಳು. ನೀನು ಅವರಿಗೆ ಬೈದೆಯಂತೆ, "ನಿಮಗೆ ನಿಮ್ಮ ಜೀಪಿನದ್ದೇ ಗುರ್ತ ಇಲ್ಲ, ಇನ್ನು ನಮ್ಮದು ಎಂತ ಇರ್ತದೆ" ಅಂತ. ಅಂದಿನಿಂದ ಅವರಿಗೆ ಎಲ್ಲದಕ್ಕೂ ಹೆದರಿಕೆಯಂತೆ. ಕೈ ತೊಳೆದು ಬಂದು "ನಾನು ಉಂಡೆನಾ?" ಅಂತ ಕೇಳ್ತಾರಂತೆ... ಅದು ಕೇಳಿದ ದಿನ ನನಗೆ ಗಂಜಿ ಇಳಿಯಲಿಲ್ಲ. ಯಾಕೆ ಅಂದರೆ... ಪಾಪ ಅಂತ. ಮತ್ತೆಂತದಕ್ಕೆ?

ಹಾಗೆ ನೋಡಬೇಡ ನನ್ನನ್ನು. ಏ, ಗೇಟಿನ ಹತ್ತಿರ ಎಂತ ಮಾಡ್ತೀ? ಆ ಬೆಂಕಿಪೆಟ್ಟಿಗೆ ಈಗ ಯಾಕೆ ತೆಗೆಯುವುದು? ಅಲ್ಲಿ ಪೈಂಟು ಎದ್ದುಹೋದದ್ದು ದನ ಕೊಂಬು ತಿಕ್ಕಿ... ಭುಜಬಲಿ, ಬೇಡ. ಚಕ್ಕೆ ಅಲ್ಲಿ ಇಡಬೇಡ.

...ಕೂತಿತು. ಅಲ್ಲವಾ? ಸರಿಯಾಗಿ ಕೂತಿತು.

ತಮಾಷೆಗೆ ಮಾರಾಯ! "ಒಂದು ಹನಿ ಹಳದಿ ಹೆಚ್ಚಾದರೂ ನನ್ನ ಕಣ್ಣಿಗೆ ಸಿಕ್ಕಿಬೀಳ್ತದೆ" ಅಂತ ಊರಿಡೀ ಕೊಚ್ಚಿಕೊಳ್ತಿದ್ದೆಯಲ್ಲ, ಅದಕ್ಕೆ ಈ ಗೇಟಿನದ್ದು ಕೆರೆದು ಚಕ್ಕೆ ಬದಲಾಯಿಸಿದೆ. ನೀನು ಹಿಡಿಯುತ್ತಿ, ಒಮ್ಮೆ ನಗಾಡುವ, ಮತ್ತೆ ಅಸಲು ಕೊಡುವ ಅಂತ. ನೀನು ಅತ್ತುಬಿಟ್ಟೆ. ಆಮೇಲೆ ಬಾಯಿ ಬಿಡುವುದು ಹೇಗೆ? ಅಸಲು ಉಂಟು, ಇಲ್ಲಿಯೇ, ಪರ್ಸಿನಲ್ಲಿ. ಎರಡು ತಿಂಗಳಿಂದ ಇಟ್ಟುಕೊಂಡು ತಿರುಗ್ತಾ ಇದ್ದೇನೆ.

ಗೇಟು ನೋಡಲಿಕ್ಕೆ ಯಾರು ಹೇಳಿದ್ದು ನಿನಗೆ? ...ಕಾರಿನ ಕಡೆ ಎಂತ ತೋರಿಸ್ತೀ? ಒಳಗೆ ಕೂತದ್ದು ಮಾಮನಾ? ಮಾಮನೇ ಹೇಳಿದ್ದಾ, ಇದು ಲೋಕನಾಥನ ಗೇಟಿನ ಹಸುರು ಅಂತ?

ಅಯ್ಯೋ... ಒಂದೇ ಒಂದು ಸರ್ತಿ ಬಂದದ್ದು ಅವರು ಇಲ್ಲಿಗೆ, ನಮ್ಮ ಮನೆ ಒಕ್ಕಲಿಗೆ, ಹೊಸ ಮನೆ ಹೊಕ್ಕ ದಿನ.

ಇಲ್ಲ, ನೀನು ಹೇಳಬೇಡ. ನಾನೇ ಹೋಗ್ತೇನೆ. ನಿಲ್ಲು, ಚಪ್ಪಲಿ ತೆಗೆದಿಡ್ತೇನೆ. ಮಾಮ... ಗಾಜು ಇಳಿಸಿ ಮಾಮ. ನಾನು... ನಿಮ್ಮ ನೆನಪು ಸರಿ ಉಂಟು.